ಕರಿ ದಿನದ ಮಾಸ್ತರು

ಫ್ರಾನ್ಸಿನಲ್ಲಿ ಮಹಾಸಂಕ್ರಾಂತಿ ನಡೆಯಿತು ಎಂದು ಬರೆದವಳು ನಾನು. ಬಿ.ಎ. ಮೊದಲ ವರ್ಷ, ಕಾಲೇಜಿನೊಳಗಿನ ಕಿರುಪರೀಕ್ಷೆ. ಫ್ರಾನ್ಸಿನ ಮಹಾಕ್ರಾಂತಿಯ ಕಾರಣ ಮತ್ತು ಪರಿಣಾಮಗಳನ್ನು ಕೇಳಿದ್ದರು. ಹಬ್ಬ ಹತ್ತಿರವಿತ್ತು, ಅವ್ವ ಎಳ್ಳು ಹುರಿದ ವಾಸನೆ ಇನ್ನೂ ಮೂಗಿನಲ್ಲಿತ್ತು, ಕೈ ತಾನಾಗಿ ಒಂದು ‘ಸಂ’ ಸೇರಿಸಿಕೊಂಡು ಹೋಯಿತು. ಒಂದು ಸಾಲಿನಲ್ಲಲ್ಲ, ಉತ್ತರದುದ್ದಕ್ಕೂ. ‘ಸಂಕ್ರಾಂತಿಗೆ ಮುಂಚೆ ರೊಟ್ಟಿ ತುಟ್ಟಿಯಾಗಿತ್ತು. ಸಂಕ್ರಾಂತಿಯಲ್ಲಿ ರಾಜನ ತಲೆ ಹೋಯಿತು.’

ಸರ್ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿನವರೆಗೆ ನಗೆ ಉರುಳಿ ಬಂತು. ನಾನು ಕರಿಹಲಗೆಯನ್ನೇ ನೋಡುತ್ತ ಕುಳಿತೆ. ನಮ್ಮ ಮನೆಯಲ್ಲಿ ಪೆನ್ನು ಹಿಡಿದವರಲ್ಲಿ ನಾನೇ ಮೊದಲಿಗಳು. ನಗುತ್ತಿದ್ದವರ ಮನೆಗಳಲ್ಲಿ ತಿದ್ದುವವರು ಒಬ್ಬರಾದರೂ ಇದ್ದರು.

"ನಗಬ್ಯಾಡ್ರಿ," ಅಂದರು ಸರ್. "ಮಾಸೂರ್ ತಂಗಿ ತಪ್ಪು ಬರದಿಲ್ಲ. ಅರ್ಧಾ ಬರದಾಳ, ಅಷ್ಟ. ಹೇಳವಾ, ಸಂಕ್ರಾಂತಿ ಮರುದಿನ ಏನು?"

"ಕರಿ ರೀ ಸರ್."

"ಕರಿ ದಿನ ಏನ್ ಮಾಡ್ತೀರಿ?"

"ಏನೂ ಮಾಡೂದಿಲ್ರಿ."

"ಹಾಂ. ಅದನ್ನ ಬರಿ. ಹಬ್ಬಕ್ಕ ಐದು ಮಾರ್ಕ್ಸು, ಕರಿಗೆ ಐದು ಮಾರ್ಕ್ಸು. ನೀವೆಲ್ಲಾರೂ ಹಬ್ಬದ್ದಷ್ಟ ಬರದ ಎದ್ದು ಬರ್ತೀರಿ."

ನಮ್ಮ ಕಡೆ ಸಂಕ್ರಾಂತಿಯ ಮರುದಿನವನ್ನು ಕರಿ ಎನ್ನುತ್ತಾರೆ. ಅಂದು ಒಳ್ಳೆಯ ಕೆಲಸ ಯಾವುದನ್ನೂ ಶುರು ಮಾಡುವುದಿಲ್ಲ. ಹೆಣ್ಣು ನೋಡಲು ಹೋಗುವುದಿಲ್ಲ, ಬೀಗರ ಮನೆಯಿಂದ ಹೊರಡುವುದಿಲ್ಲ, ಹೊಸ ಎತ್ತಿಗೆ ನೊಗ ಹಾಕುವುದಿಲ್ಲ. ಹಬ್ಬದ ದಿನ ಮಿಕ್ಕಿದ ಸಜ್ಜೆ ರೊಟ್ಟಿ ತಿಂದು ಸುಮ್ಮನೆ ಇರುವುದು. ಸರ್ ಈ ಕರಿಯನ್ನು ಪ್ಯಾರಿಸ್ಸಿಗೆ ಕೊಂಡೊಯ್ದರು. ರಾಜ ಬಿದ್ದ ದಿನ ಸಂಕ್ರಾಂತಿ, ಅದರ ಮರುದಿನದಿಂದ ಕರಿ. ಆ ಕರಿ ಎಷ್ಟು ವರ್ಷ ಇರುತ್ತದೆ ಎಂಬುದೇ ಇತಿಹಾಸ ಎನ್ನುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಕಾಲೇಜು ಯಾವುದೆಂದು ತಿಳಿಯುತ್ತದೆ, ಕಾಲೇಜು ತಿಳಿದರೆ ಈಗಲೂ ಇರುವ ಕೆಲವರಿಗೆ ಊಟ ರುಚಿಸುವುದಿಲ್ಲ. ಹಿರೇಕೆರೂರಿನಿಂದ ಹಾನಗಲ್ಲಿನ ದಿಕ್ಕಿಗೆ ಬಸ್ಸು ಹಿಡಿದರೆ ಸಿಗುವ ಒಂದು ದೊಡ್ಡ ಊರು ಎಂದರೆ ಸಾಕು. ನಾವು ಅವರನ್ನು ‘ಮುಂದೇನ್ ಸರ್’ ಎಂದು ಕರೆಯುತ್ತಿದ್ದೆವು, ಅವರಿಗೆ ಕೇಳದಂತೆ. ಅವರಿಗೆ ಗೊತ್ತಿತ್ತು. ಗಂಟೆ ಹೊಡೆದಾಗ ಪಾಠದಲ್ಲಿ ರಾಜನ ತಲೆ ಬಿದ್ದಿದ್ದರೆ ನಾವು ಪುಸ್ತಕ ಮುಚ್ಚಿ ಏಳುತ್ತಿದ್ದೆವು. ಅವರು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು.

"ಕುಂದರ್ರಿ. ರಾಜಾ ಸತ್ತ. ಮುಂದೇನಾತು? ಮರುದಿನ ಮುಂಜಾನೆ ರೊಟ್ಟಿ ಯಾರು ಬಡದ್ರು?"

ಉತ್ತರವನ್ನು ಅವರೇ ಹೇಳುತ್ತಿದ್ದರು. ಪ್ಯಾರಿಸ್ಸಿನ ಹೆಂಗಸರು ಮಳೆಯಲ್ಲಿ ನೆನೆಯುತ್ತ ಅರಮನೆಗೆ ನಡೆದು ಹೋದದ್ದೇ ರೊಟ್ಟಿ ಕೇಳುವುದಕ್ಕೆ. ರಾಜ ಹೋದ, ರೊಟ್ಟಿ ತುಟ್ಟಿಯಾಗಿಯೇ ಉಳಿಯಿತು. ಅದಕ್ಕೆ ಕಾರಣರು ಯಾರೆಂದು ಹುಡುಕುತ್ತ ಇನ್ನಷ್ಟು ತಲೆಗಳನ್ನು ತೆಗೆದರು. ಕೊನೆಗೆ ಒಬ್ಬ ಸಿಪಾಯಿ ಬಂದು ಕಿರೀಟವನ್ನು ತಾನೇ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡ. "ಮಂದಿ ಚಪ್ಪಾಳಿ ಹೊಡದ್ರವಾ," ಎನ್ನುತ್ತಿದ್ದರು ಸರ್, ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತ. "ಯಾಕಂದ್ರ ದಣದಿದ್ರು. ಮಂದಿ ದಣದಾಗ ಯಾರ್ ಬಂದ್ರೂ ಚಪ್ಪಾಳಿ ಬೀಳ್ತಾವ." ಆಗ ನನಗೆ ಇದು ತಮಾಷೆಯಾಗಿ ಕೇಳುತ್ತಿತ್ತು. ಈಗ ಅವರ ಆಗಿನ ವಯಸ್ಸಿಗೆ ಬಂದಿದ್ದೇನೆ, ತಮಾಷೆ ಹೋಗಿದೆ.

ಸರ್ ಸವಣೂರಿನವರು. ಅವರ ಮನೆತನದ್ದು ವೀಳ್ಯದೆಲೆಯ ತೋಟ, ಮುತ್ತಜ್ಜನ ಕಾಲದಿಂದ. ನವಾಬರ ಅರಮನೆಗೆ ಎಲೆ ಹೋಗುತ್ತಿದ್ದದ್ದು ಅವರ ತೋಟದಿಂದಲೂ ಹೌದಂತೆ. ಶನಿವಾರ ಊರಿಗೆ ಹೋದವರು ಸೋಮವಾರ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ ತರುತ್ತಿದ್ದರು, ನಮಗೆಂದು ಒಂದು ಪೊಟ್ಟಣ ಸವಣೂರು ಖಾರಾ. ತರಗತಿಯಲ್ಲಿ ಎಲೆ ಹಾಕುತ್ತಿರಲಿಲ್ಲ. ಒಂದೇ ಒಂದು ಎಲೆಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಉತ್ತರ ಹೊಳೆಯದಿದ್ದಾಗ ತೆಗೆದು ಮೂಸುತ್ತಿದ್ದರು. ಅವರು ಎಲೆ ಮೂಸಿದರೆಂದರೆ ನಾವು ಕೇಳಿದ್ದು ಒಳ್ಳೆಯ ಪ್ರಶ್ನೆ ಎಂದರ್ಥ.

"ನಿಮ್ಮೂರಾಗೂ ರಾಜ್ಯ ಹೋತಲ್ಲರೀ ಸರ್, ಅಲ್ಲಿ ಕ್ರಾಂತಿ ಆಗಲಿಲ್ಲೇನ್ರಿ?" ಎಂದು ಒಮ್ಮೆ ಕೇಳಿದೆ.

ಎಲೆ ಜೇಬಿನಿಂದ ಹೊರಗೆ ಬಂತು. "ನಮ್ಮಜ್ಜನ್ನ ಕೇಳಿದ್ದೆ ತಂಗಿ. ‘ಅವತ್ತ ಏನ್ ಮಾಡಿದ್ಯೋ ಅಜ್ಜಾ?’ ಅಂದೆ. ‘ಬಳ್ಳಿಗೆ ನೀರು ಕಟ್ಟಿದ್ದೆ’ ಅಂದ. ‘ಅದರ ಮರುದಿನ?’ ಅಂದೆ. ‘ನೀರು ದಿನಾ ಕಟ್ಟಬೇಕಲೇ ಖೋಡಿ’ ಅಂತ ಬೈದ."

ನಾನು ಬಿ.ಎ.ಗೆ ಬಂದದ್ದೇ ಅವರಿಂದ. ನಮ್ಮೂರು ಮಾಸೂರಿನಲ್ಲಿ ಅವ್ವ ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ಕಳೆ ಕೀಳಲು, ನಾಟಿಗೆ ಕೂಲಿ ಹೋಗುತ್ತಿದ್ದಳು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದ. ಪಿಯುಸಿ ಮುಗಿದ ಮೇಲೆ ನಾನೂ ಗದ್ದೆಗೆ ಇಳಿದೆ. ಅದೇ ಸಂಸ್ಥೆಯ ಪಿಯುಸಿಗೂ ಸರ್ ಪಾಠ ಹೇಳುತ್ತಿದ್ದರು. ಕಾಲೇಜು ಶುರುವಾಗಿ ವಾರ ಕಳೆದರೂ ನಾನು ಕಾಣದೆ ಇದ್ದಾಗ ಬಸ್ಸು ಹತ್ತಿ ಬಂದರು. ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಬದುವಿನ ಮೇಲೆ ನಿಂತು ಅವ್ವನನ್ನು ಕೂಗಿದರು.

"ಹುಡುಗಿನ್ನ ಕಳಸ್ರಿ ಯವ್ವಾ."

ಅವ್ವ ಬಾಗಿದ ಬೆನ್ನು ಎತ್ತಲಿಲ್ಲ. "ಓದಿ ಏನ್ ಮಾಡ್ತಾಳ್ರೀ ಇಕಿ?"

ನೌಕರಿ ಸಿಗುತ್ತದೆ, ದೊಡ್ಡವಳಾಗುತ್ತಾಳೆ ಎಂದೆಲ್ಲ ಹೇಳುತ್ತಾರೆಂದು ಕಾದೆ. ಅವರು ಎಲೆ ಮೂಸಿದರು. "ಗೊತ್ತಿಲ್ರೀ ಯವ್ವಾ. ಓದದಿದ್ರ ಏನ್ ಮಾಡ್ತಾಳ ಅನ್ನೂದು ಗೊತ್ತೈತಿ. ಅದಕ್ಕ ಬಂದೇನಿ."

ಅವ್ವ ಆಗ ನೆಟ್ಟಗೆ ನಿಂತಳು. ನನ್ನನ್ನೊಮ್ಮೆ ನೋಡಿದಳು, ಗದ್ದೆಯನ್ನೊಮ್ಮೆ ನೋಡಿದಳು. "ಸುಳ್ಳು ಹೇಳೂದಿಲ್ಲ ಈ ಮಾಸ್ತರ. ಹೋಗ್," ಅಂದಳು.

ಹೀಗೆ ಹತ್ತಿದ ಬಸ್ಸು ಎರಡನೆಯ ವರ್ಷದಲ್ಲಿ ನಿಲ್ಲುವುದರಲ್ಲಿತ್ತು. ನಮ್ಮ ಕಾಲೇಜು ಒಂದು ಮನೆತನದ್ದು. ಅಜ್ಜ ಕಟ್ಟಿಸಿದ್ದು, ಅಪ್ಪ ನಡೆಸಿದ್ದು, ಈಗ ಮೊಮ್ಮಗನದು. ಕಾಗದದ ಮೇಲೆ ಕಮಿಟಿ ಇತ್ತು, ಅದರ ಅಧ್ಯಕ್ಷರು ಮಾತ್ರ ಅದೇ ಮನೆಯಿಂದ ಬರಬೇಕು. ಊರು ಅವರನ್ನು ಧಣ್ಯಾರು ಎನ್ನುತ್ತಿತ್ತು. ಅವರ ವಾಡೆಯ ಮುಂದೆ ಹಾಯುವಾಗ ಸೈಕಲ್ಲಿನಿಂದ ಇಳಿಯುವವರು ಆಗಲೂ ಇದ್ದರು. ಒಂದು ದಿನ ಧಣ್ಯಾರು ಕಾಲೇಜಿಗೆ ಬಂದು, ಬಿ.ಎ.ಯಿಂದ ಯಾರಿಗೂ ಉಪಯೋಗವಿಲ್ಲ, ಬರುವ ವರ್ಷದಿಂದ ಅದನ್ನು ಮುಚ್ಚಿ ನರ್ಸಿಂಗ್ ತರುತ್ತೇವೆ, ಈಗ ಇರುವವರು ಟಿ.ಸಿ. ತೆಗೆದುಕೊಂಡು ಹಾವೇರಿಗೆ ಹೋಗಬಹುದು ಎಂದು ಹೇಳಿ ಹೋದರು. ಹೇಳಿ ಮುಗಿಸುವಷ್ಟರಲ್ಲಿ ಅವರ ಕಾರು ಚಾಲೂ ಆಗಿತ್ತು.

ಹಾವೇರಿ ನಕಾಶೆಯಲ್ಲಿ ಹತ್ತಿರ. ಆದರೆ ಅವ್ವ ಬೆಳಿಗ್ಗೆ ನನ್ನನ್ನು ಕಳಿಸಿ ಸಂಜೆ ದೀಪದ ಹೊತ್ತಿಗೆ ನಾನು ಬರದಿದ್ದರೆ ಮರುದಿನ ಕಳಿಸುವುದಿಲ್ಲ. ಮಾಸೂರಿನಿಂದ ಬರುತ್ತಿದ್ದ ಹುಡುಗಿಯರೆಲ್ಲರ ಮನೆಯಲ್ಲೂ ಇದೇ ಮಾತು. ಬಿ.ಎ. ನಿಂತರೆ ನಾವು ಗದ್ದೆಗೆ ಇಳಿಯಬೇಕು. ನಮಗೆ ಅದಕ್ಕಿಂತ ಹೆಚ್ಚಿನ ತತ್ವ ಯಾವುದೂ ಇರಲಿಲ್ಲ.

ಚಳವಳಿ ಶುರುವಾಯಿತು. ಕೊನೆಯ ವರ್ಷದ ಒಬ್ಬ ಹುಡುಗನಿಗೆ ದೊಡ್ಡ ಗಂಟಲಿತ್ತು, ಅವನು ಮುಖಂಡನಾದ. ಗೋವಿನಜೋಳದ ದಲಾಲಿ ಅಂಗಡಿಯ ಸಾಹುಕಾರರು ನಮ್ಮ ಬೆನ್ನಿಗೆ ನಿಂತರು. ಕಮಿಟಿಯಲ್ಲಿ ಅವರೂ ಒಬ್ಬ ಸದಸ್ಯರು. ಕುಳಿತಲ್ಲಿಗೆ ಮಂಡಕ್ಕಿ, ಮಿರ್ಚಿ, ಚಹಾ ಕಳಿಸುತ್ತಿದ್ದರು. "ಕಾಲೇಜು ಧಣ್ಯಾರ್ದಲ್ಲ, ನಿಮ್ದು" ಎನ್ನುತ್ತಿದ್ದರು. ನಮಗೆ ಅದನ್ನು ಕೇಳುವುದೇ ಒಂದು ಊಟ.

ಬಸ್ ಸ್ಟ್ಯಾಂಡಿನ ಬೇವಿನಮರದ ಕೆಳಗೆ ನಡೆದ ಸಭೆಗೆ ಸರ್ ಬಂದರು. ಉಪನ್ಯಾಸಕರಲ್ಲಿ ಬಂದವರು ಅವರೊಬ್ಬರೇ. ಎಲ್ಲರ ಮಾತು ಮುಗಿದ ಮೇಲೆ ಕೇಳಿದರು:

"ಧಣ್ಯಾರು ಇಳದ್ರು ಅಂತ ತಿಳೀರಿ. ಮುಂದೇನು?"

ಮುಖಂಡ ನಕ್ಕ. "ಮೊದಲ ಇಳಸೂನ್ರೀ ಸರ್. ಮುಂದಿಂದು ಮುಂದ ನೋಡೂನ್ರಿ."

"ಬಿ.ಎ. ಇರ್ತೈತಿ ಅಂತ ಬರದು ಕೊಡೋರು ಯಾರು?"

"ನಮ್ಮ ಸಾಹುಕಾರ್ರು ಅದಾರಲ್ರಿ."

"ಅವರು ಬರದ ಕೊಟ್ಟಾರೇನು?"

"ಸರ್, ನೀವು ಇಲ್ಲೂ ಪರೀಕ್ಷಾ ತಗೊಳ್ಳಾಕ ಬಂದೀರೇನ್ರಿ?" ಎಂದ ಮುಖಂಡ. ಎಲ್ಲರೂ ನಕ್ಕರು. ಸರ್ ಎಲೆ ಮೂಸಿ ಮತ್ತೆ ಜೇಬಿಗೆ ಇಟ್ಟುಕೊಂಡರು.

ಧಣ್ಯಾರು ಇಳಿದದ್ದು ಸಂಕ್ರಾಂತಿಯ ದಿನ. ಹಬ್ಬಕ್ಕೆ ಮನೆಯಲ್ಲೇ ಸಿಗುತ್ತಾರೆಂದು ಅಂದೇ ವಾಡೆಗೆ ಹೋದೆವು. ಊರಿನವರೂ ಸೇರಿ ಅಂಗಳ ತುಂಬಿ ರಸ್ತೆಯವರೆಗೆ ಮಂದಿ. ಧಣ್ಯಾರಿಗೆ ಧಿಕ್ಕಾರ ಎಂಬ ಘೋಷಣೆ ಏರುತ್ತಿದ್ದಾಗ ವಾಡೆಯ ಬಾಗಿಲು ತೆರೆಯಿತು. ಹೊರಗೆ ಬಂದದ್ದು ಧಣ್ಯಾರಲ್ಲ, ಅವರ ತಾಯಿ. ಬೆನ್ನು ಬಾಗಿದ ಮುದುಕಿ, ಕೈಯಲ್ಲಿ ತಾಟು, ತಾಟಿನ ತುಂಬ ಕುಸುರೆಳ್ಳು. ಹಬ್ಬದ ದಿನ ಅಂಗಳಕ್ಕೆ ಇಷ್ಟು ಮಂದಿ ಬಂದಿದ್ದಾರೆಂದರೆ ಕುಸುರೆಳ್ಳು ಕೊಟ್ಟು ತೆಗೆದುಕೊಳ್ಳಲು ಬಂದಿದ್ದಾರೆಂದೇ ಆಕೆ ತಿಳಿದಿದ್ದಳು.

"ಬರ್ರಿ ಬರ್ರಿ, ಬಿಸಿಲಾಗ ಯಾಕ ನಿಂತೀರಿ?"

ಮುಂದಿನ ಸಾಲಿನಲ್ಲಿದ್ದವಳು ನಾನು. ಕೈ ತಾನಾಗಿ ಚಾಚಿತು, ಬೆನ್ನು ತಾನಾಗಿ ಬಾಗಿತು. ಕಾಲು ಮುಟ್ಟಿ ನಮಸ್ಕಾರ ಮಾಡಿ ಎದ್ದರೆ ನನ್ನ ಹಿಂದೆ ಸಾಲು ಹತ್ತಿತ್ತು. ಮುಖಂಡನೂ ಬಾಗಿದ. ಬಾಯಿ ತುಂಬ ಕುಸುರೆಳ್ಳು ಇಟ್ಟುಕೊಂಡು ಧಿಕ್ಕಾರ ಎನ್ನಲು ಹೋಗಿ ಕೆಮ್ಮಿದ. ಸರ್ ದೂರದಲ್ಲಿ ಗೋಡೆಗೆ ಆನಿಕೊಂಡು ನಿಂತು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಕಲ್ಲು ಬೀಳುತ್ತವೆಂದು ಒಳಗಿದ್ದ ಧಣ್ಯಾರು ಸದ್ದು ನಿಂತದ್ದು ಕೇಳಿ ಹೊರಗೆ ಬಂದರು.

"ಅವ್ವಾ, ಇವರು ನನ್ನ ಖುರ್ಚಿಯಿಂದ ಇಳಸಾಕ ಬಂದಾರ."

ಮುದುಕಿ ಮಗನ ಕಡೆಗೆ ತಿರುಗಿಯೂ ನೋಡಲಿಲ್ಲ. "ಇಳದ ಬಿಡಪಾ ಮತ್ತ. ಊಟಕ್ಕ ಹೊತ್ತಾತು."

ಕಮಿಟಿಯ ಹೆಚ್ಚಿನವರು ಸಾಹುಕಾರರ ಕಡೆ ವಾಲಿದ್ದಾರೆಂದು ಧಣ್ಯಾರಿಗೆ ಮೊದಲೇ ಗೊತ್ತಿತ್ತು ಎನ್ನುವವರಿದ್ದಾರೆ. ಇರಬಹುದು. ನಾನು ಕಂಡದ್ದು ಇಷ್ಟು: ಅವರು ಒಳಗೆ ಹೋಗಿ ಕಾಲೇಜಿನ ಕೀಲಿಕೈ ಗೊಂಚಲು ತಂದು ಕಟ್ಟೆಯ ಮೇಲೆ ಒಗೆದರು. "ತಗೊಂಡ ಹೋಗ್ರಿ" ಎಂದು ಬಾಗಿಲು ಹಾಕಿಕೊಂಡರು. ಮೂರು ತಲೆಮಾರಿನ ಆಳ್ವಿಕೆ ಮುಗಿದ ಸದ್ದು ಅಷ್ಟೇ, ಕಟ್ಟೆಗೆ ಕಬ್ಬಿಣ ಬಡಿದ ಸದ್ದು.

ಮುಖಂಡ ಗೊಂಚಲನ್ನು ಸಾಹುಕಾರರ ಮುಂದೆ ಹಿಡಿದ. ಅವರು ಬಿಸಿ ತಾಗಿದವರಂತೆ ಕೈ ಹಿಂದೆ ತೆಗೆದುಕೊಂಡರು.

"ಇವತ್ತಿಂದು ಛಲೋ ಹೊತ್ತು ದಾಟೈತಿ. ನಾಳೆ ಕರಿ. ಕರಿ ದಿನ ನಾ ಖುರ್ಚಿ ಮುಟ್ಟಂಗಿಲ್ಲಪಾ. ನಾಡದ ಛಲೋ ಹೊತ್ತು ನೋಡಿ ತಗೊಂತೇನಿ."

"ಅಲ್ಲೀ ತನಕಾ ಯಾರು ಇಟ್ಕೊಳ್ಳೂದ್ರಿ?"

ಸಾಹುಕಾರರು ಸುತ್ತ ನೋಡಿದರು. ಗೋಡೆಗೆ ಆನಿಕೊಂಡಿದ್ದ ಸರ್ ಕಂಡರು. "ಮಾಸ್ತರ ಕೈಯಾಗ ಕೊಡ್ರಿ. ಅವರಿಗೆಂಥಾ ಕರಿ."

ಹೀಗೆ ಒಂದು ದಿನದ ಮಟ್ಟಿಗೆ ನಮ್ಮ ಕಾಲೇಜಿಗೆ ಒಡೆಯರಿರಲಿಲ್ಲ. ಹಳಬರು ಬಿಟ್ಟಿದ್ದರು, ಹೊಸಬರು ಮುಟ್ಟಿರಲಿಲ್ಲ.

ಆ ಕರಿಯ ದಿನದಂಥ ದಿನ ನನ್ನ ಓದಿನಲ್ಲಿ ಮತ್ತೊಂದು ಬರಲಿಲ್ಲ. ನಾವು ಹೋಗುವಷ್ಟರಲ್ಲಿ ಸರ್ ಬಂದು ಬೀಗ ತೆಗೆದು, ವರಾಂಡದಲ್ಲಿ ನಾವೇ ಹರಿದು ಒಗೆದಿದ್ದ ಕಾಗದ, ಮುರಿದ ಕೋಲುಗಳನ್ನು ಗುಡಿಸುತ್ತಿದ್ದರು. ನಾವು ಕಸಬರಿಗೆ ಕಸಿದುಕೊಂಡೆವು. ಗಂಟೆಯನ್ನು ನಾವೇ ಹೊಡೆದೆವು. ಅಧ್ಯಕ್ಷರ ಕೋಣೆಯಲ್ಲಿ ಗಾಜಿನ ಕಪಾಟುಗಳಿದ್ದವು, ಅವುಗಳ ತುಂಬ ಪುಸ್ತಕ. ಕಾಲೇಜಿನ ಪುಸ್ತಕಗಳೇ, ಆದರೆ ಬಂದವರಿಗೆ ತೋರಿಸಲಿಕ್ಕೆಂದು ಬೀಗ ಹಾಕಿದ್ದವು. ಸರ್ ಒಂದೊಂದೇ ಕೀಲಿಕೈ ಹಾಕಿ ನೋಡಿ ಕಪಾಟು ತೆರೆದರು. "ಒಂದೊಂದು ತಗೊಂಡ ಹೋಗ್ರಿ. ಓದಿ ತಂದ ಇಡ್ರಿ. ಇವತ್ತ ಕೇಳೋರಿಲ್ಲ." ಗದ್ದೆಯ ಕೆಸರು ಉಗುರಲ್ಲಿ ಉಳಿದಿದ್ದ ಹುಡುಗಿಯರು ದಪ್ಪ ಪುಸ್ತಕಗಳನ್ನು ಎದೆಗೆ ಅವುಚಿಕೊಂಡು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಕಮಿಟಿಯ ಸದಸ್ಯರು ಕೆಲವರು ಏನಾಗುತ್ತದೆ ನೋಡೋಣವೆಂದು ಬಂದು ವರಾಂಡದ ಬೆಂಚಿನಲ್ಲಿ ಕುಳಿತಿದ್ದರು. ಅಧ್ಯಕ್ಷರಿಲ್ಲ, ಹೊರಗೆ ಮಂದಿ. ಅಂದು ಏನು ಬರೆದು ಮುಂದಿಟ್ಟರೂ ಸಹಿ ಮಾಡುವಷ್ಟು ಮೆತ್ತಗಾಗಿದ್ದರು. ಕಪಾಟಿನಲ್ಲಿ ಠರಾವು ಪುಸ್ತಕವೂ ಸಿಕ್ಕಿತ್ತು, ಕಮಿಟಿ ಏನು ನಿರ್ಧಾರ ಮಾಡಿದರೂ ಬರೆಯುವುದು ಅದರಲ್ಲೇ. ಮುಖಂಡ ಅದನ್ನು ತಂದು ಸರ್ ಮುಂದೆ ಇಟ್ಟ.

"ಸರ್, ಬರೀರಿ. ಬಿ.ಎ. ಮುಂದವರೀತೈತಿ ಅಂತ ಠರಾವು ಬರೀರಿ. ಇವರ ಸಹಿ ನಾವು ಹಾಕಸ್ತೇವಿ."

ಸರ್ ಪೆನ್ನು ತೆಗೆದರು. ದಿನಾಂಕ ಬರೆಯಲು ಹೋಗಿ ನಿಂತರು. ಎಲೆ ಮೂಸಿದರು.

"ಇವತ್ತ ಕರಿ ಐತಲ್ಲಪಾ."

ಒಬ್ಬರೂ ನಗಲಿಲ್ಲ.

"ಕರಿ ದಿನ ಬರದದ್ದು ನಿಂದ್ರೂದಿಲ್ಲ ಅಂತಾರ. ನಾಳೆ ಹೊಸಾ ಕಮಿಟಿ ಬರ್ತೈತಿ. ಛಲೋ ದಿನ, ಛಲೋ ಹೊತ್ತಿನಾಗ, ಎಲ್ಲಾರ ಮುಂದ ಬರಸೂನು."

"ಹೌದ್ರೀ ಸರ್, ಕರಿ," ಎಂದ ಮುಖಂಡ. "ಹೌದ್ರಿ" ಎಂದೆ ನಾನು. ಬೆಂಚಿನ ಮೇಲಿದ್ದ ಸದಸ್ಯರು ನಮಗಿಂತ ಜೋರಾಗಿ ಹೌದೆಂದರು. ವರ್ಷವಿಡೀ ಕರಿಯ ಪಾಠ ಹೇಳಿದವರು, ಕೇಳಿದವರು, ಎಲ್ಲ ಸೇರಿ ಪುಸ್ತಕವನ್ನು ಮುಚ್ಚಿದೆವು. ಅದು ಹೋಲಿಕೆ ಎಂದು ತಿಳಿದಿದ್ದೆವು. ನಮ್ಮ ಮೈಯೊಳಗೆ ಅದು ಹೋಲಿಕೆಯಾಗಿರಲಿಲ್ಲ.

ಆಮೇಲೆ ಸರ್ ಸಂಜೆಯವರೆಗೆ ಪಾಠ ಮಾಡಿದರು. ರಾಜ ಹೋದ ಮೇಲಿನದು, ಪರೀಕ್ಷೆಗೆ ಯಾರೂ ಓದದ್ದು. ನಾವು ನಡುವೆ ರೊಟ್ಟಿ ಹಂಚಿಕೊಂಡು ತಿಂದು ಮತ್ತೆ ಕುಳಿತೆವು. ಯಾರೂ ಗಂಟೆ ಹೊಡೆಯಲಿಲ್ಲ.

ಮರುದಿನ ಸಾಹುಕಾರರು ಹಾರ ಹಾಕಿಸಿಕೊಂಡು ಖುರ್ಚಿಯಲ್ಲಿ ಕುಳಿತರು. ನಾವೇ ಚಪ್ಪಾಳೆ ಹೊಡೆದೆವು. ಸರ್ ಠರಾವಿನ ಮಾತು ತೆಗೆದರು.

"ಮಾಡೂನ್ರೀ ಮಾಸ್ತರ. ಅವಸರ ಏನೈತಿ? ಇವತ್ತರೆ ಕುಂತೇನಿ."

ಸುಳ್ಳು ಹೇಳಬಾರದು, ಮೊದಮೊದಲು ಚೆನ್ನಾಗಿಯೇ ಇತ್ತು. ನಲ್ಲಿಯಲ್ಲಿ ನೀರು ಬಂತು, ಹುಡುಗಿಯರ ಕೋಣೆಗೆ ಬಾಗಿಲು ಬಂತು. ನನ್ನ ತಂಡಕ್ಕೆ ಬಿ.ಎ. ಮುಗಿಸಲು ಬಿಟ್ಟರು. ನಾನು ಪಾಸಾದೆ. ಸರ್ಟಿಫಿಕೇಟು ತಂದಾಗ ಅವ್ವ ಕೈಯನ್ನು ಸೆರಗಿಗೆ ಒರೆಸಿ, "ಇದರಾಗ ನಿನ್ನ ಹೆಸರು ಎಲ್ಲೈತಿ?" ಎಂದು ಕೇಳಿದಳು. ತೋರಿಸಿದೆ. ಆ ಒಂದು ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತಳು. ಆ ಬೆರಳಿನ ಹೆಮ್ಮೆ ನನಗೆ ಇವತ್ತಿಗೂ ಇದೆ, ಅದನ್ನು ಬರೆಯಲು ನಾಚುವುದಿಲ್ಲ.

ನಾನು ಹೊರಬಿದ್ದ ವರ್ಷವೇ ಬಿ.ಎ.ಗೆ ಹೊಸಬರನ್ನು ತೆಗೆದುಕೊಳ್ಳುವುದು ನಿಂತಿತು. ಮಕ್ಕಳು ಕಡಿಮೆ, ಖರ್ಚು ಹೆಚ್ಚು ಎಂದರು. ನರ್ಸಿಂಗ್ ಬಂತು, ಧಣ್ಯಾರು ತರಬೇಕೆಂದಿದ್ದದ್ದೇ. ಚಳವಳಿಯ ಮುಖಂಡ ಸಂಸ್ಥೆಯ ಕಾರ್ಯದರ್ಶಿಯಾಗಿದ್ದ. ಕೇಳಲು ಹೋದ ಹುಡುಗಿಯರಿಗೆ ಅವನು ಹಾವೇರಿಯ ಬಸ್ಸಿನ ವೇಳೆ ಹೇಳಿದನಂತೆ. ಮಾಸೂರಿನಿಂದ ನನ್ನ ಹಿಂದೆ ಬಸ್ಸು ಹತ್ತಬೇಕಿದ್ದವರು ಗದ್ದೆಗೆ ಇಳಿದರು. ಊರಿಗೆ ಹೋದಾಗ ಬದುವಿನ ಮೇಲೆ ಸಿಗುತ್ತಾರೆ, "ಅರಾಮೇನಕ್ಕಾ?" ಎನ್ನುತ್ತಾರೆ. ನಾನು ಅವರ ಮಕ್ಕಳು ಎಷ್ಟನೇ ತರಗತಿ ಎಂದು ಕೇಳುತ್ತೇನೆ.

ಸರ್‌ಗೆ ಪಾಠವಿಲ್ಲದಾಯಿತು. ಸಂಸ್ಥೆಯ ಹೈಸ್ಕೂಲಿಗೆ ಹಾಕಿದರು, ಅಲ್ಲಿಂದ ಲೈಬ್ರರಿಗೆ. ಕೊನೆಗೆ ಅವರೇ ಬಿಟ್ಟು ಸವಣೂರಿಗೆ ಹೋದರು. ಹೊರಡುವ ಮೊದಲು ಒಂದು ಸುದ್ದಿ ಕೇಳಿ ಬಹಳ ನಕ್ಕರಂತೆ. ಸಂಸ್ಥೆಯ ಕಾರ್ಯಕ್ರಮಕ್ಕೆ ಧಣ್ಯಾರನ್ನು ಕರೆಸಿ, ಶಾಲು ಹೊದಿಸಿ, ಗೌರವ ಅಧ್ಯಕ್ಷರನ್ನಾಗಿ ಮಾಡಿದ್ದರು. "ಫ್ರಾನ್ಸಿನಾಗೂ ಹಿಂಗ ಆಗಿತ್ತು ತಂಗಿ," ಎಂದು ಫೋನಿನಲ್ಲಿ ಹೇಳಿದರು. "ಸತ್ತ ರಾಜನ ತಮ್ಮನ್ನ ಕರಕೊಂಡ ಬಂದು ಕುಂದ್ರಿಸಿದ್ರು. ಸಿಲಬಸ್ ಪೂರ್ತಿ ಆತು ನೋಡು."

ನಾನು ಈಗ ಶಿಗ್ಗಾವಿ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಸವಣೂರು ಹತ್ತಿರ, ಆಗಾಗ ಹೋಗುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಹೋದಾಗ ಸರ್ ತೋಟದಲ್ಲಿದ್ದರು. ಬಹಳ ಇಳಿದಿದ್ದರು. ನಾನು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದೆ. ನೆರೆಯ ದೇಶವೊಂದರಲ್ಲಿ ಮಂದಿ ಆಳುವವನ ಮನೆಗೆ ನುಗ್ಗಿದ್ದು, ಅವನ ಈಜುಕೊಳದಲ್ಲಿ ಹಾರುತ್ತಿದ್ದದ್ದು, ಅವನ ಮಂಚದ ಮೇಲೆ ಉರುಳಾಡುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದದ್ದು. ಹಳೆಯದೇ, ಮತ್ತೆ ಮತ್ತೆ ಬರುತ್ತಿರುತ್ತದೆ. ಸರ್ ಕನ್ನಡಕ ಏರಿಸಿ ನೋಡಿದರು. ಮುಂದೇನಾತು ಎಂದು ಕೇಳುತ್ತಾರೆಂದು ಕಾದೆ. ಕೇಳಲಿಲ್ಲ.

"ಪಾಪ, ಎಷ್ಟ ಖುಷಿ ಅದಾರ ಹುಡುಗ್ರು," ಎಂದು ಮೊಬೈಲು ಹಿಂದೆ ಕೊಟ್ಟರು.

ಬಳ್ಳಿಯ ಬುಡಕ್ಕೆ ನೀರು ಹರಿಯುವುದನ್ನು ನೋಡುತ್ತ ಕುಳಿತೆವು.

"ತಂಗಿ, ಒಂದು ಪಾಠ ತಪ್ಪ ಹೇಳಿದೆ ನಿಮಗ."

"ಯಾವುದ್ರಿ ಸರ್?"

"ಕರಿ ಅಂದ್ರ ಕೆಟ್ಟ ದಿನ ಅಂತ ಹೇಳಿದೆ. ಕೆಟ್ಟದ್ದಲ್ಲದು. ಯಾರಿಗೂ ಬ್ಯಾಡಾದ ದಿನ. ಧಣ್ಯಾರಿಗೂ ಬ್ಯಾಡಾತು, ಸಾಹುಕಾರಗೂ ಬ್ಯಾಡಾತು, ಅದಕ್ಕ ನಮ್ಮ ಪಾಲಿಗೆ ಬಂದಿತ್ತು. ವರ್ಷದಾಗ ಅದೊಂದ ದಿನ ನಮ್ಮದಿತ್ತವಾ. ಪೆನ್ನು ಕೈಯಾಗಿತ್ತು."

"ಅವತ್ತ ಬರದಿದ್ರೂ ಅದು ನಿಂದ್ರತಿತ್ತೇನ್ರಿ ಸರ್? ಅವರು ಹೆಂಗೂ ಮುರೀತಿದ್ರು."

"ಮುರೀತಿದ್ರು ಬಿಡು. ಮುರಿಯಾಕ ಒಂದು ಬೇಕಿತ್ತಲ್ಲ. ನಾವು ಮುರಿಯಾಕೂ ಏನೂ ಇಡಲಿಲ್ಲ."

ಜೇಬಿಗೆ ಕೈ ಹಾಕಿದರು. ಎಲೆ ಇರಲಿಲ್ಲ. ಸುತ್ತ ತೋಟವೇ ಇತ್ತು, ಆದರೂ ಏಳಲಿಲ್ಲ. ನಾನು ಒಂದು ಎಲೆ ಕಿತ್ತು ಕೊಟ್ಟೆ. ಮೂಸದೆ ಕೈಯಲ್ಲೇ ಹಿಡಿದುಕೊಂಡು ಕುಳಿತರು.

ಈ ಸಲದ ಸಂಕ್ರಾಂತಿಗೆ ಕೆಲವು ದಿನ ಇರುವಾಗ ಸರ್ ಹೋದರು. ಮಣ್ಣಿಗೆ ಹೋಗಿ ಬಂದೆ. ತೋಟದ ಅಂಚಿನಲ್ಲೇ ಮಣ್ಣು ಮಾಡಿದರು. ಸಂಸ್ಥೆಯಿಂದ ಒಂದು ಹಾರ ಬಂದಿತ್ತು, ಕಾರ್ಯದರ್ಶಿಯ ಹೆಸರಿನಲ್ಲಿ.

ನಮ್ಮ ಶಾಲೆಯ ಅಭಿವೃದ್ಧಿ ಸಮಿತಿ, ಎಸ್‌ಡಿಎಂಸಿಯ ಸಭೆ ಬಹಳ ದಿನಗಳಿಂದ ಮುಂದೆ ಹೋಗುತ್ತಿತ್ತು. ಹತ್ತನೆಯ ತರಗತಿ ಮುಗಿಸಿದ ನಮ್ಮ ಹುಡುಗಿಯರು ಮುಂದೆ ಓದಬೇಕೆಂದರೆ ಶಿಗ್ಗಾವಿಗೆ ಹೋಗಬೇಕು, ಸಂಜೆಯ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೆಚ್ಚಿನವರು ಮನೆಯಲ್ಲೇ ಉಳಿಯುತ್ತಾರೆ. ನಮ್ಮ ಊರಿಗೇ ಪಿಯುಸಿ ಕೊಡಿ ಎಂದು ಠರಾವು ಬರೆದು ಮೇಲೆ ಕಳಿಸಬೇಕು. ಒಮ್ಮೆ ಅಮಾವಾಸ್ಯೆ, ಒಮ್ಮೆ ಅಧ್ಯಕ್ಷರ ಮನೆಯ ಮದುವೆ, ಒಮ್ಮೆ ಹತ್ತಿ ಬಿಡಿಸುವ ಸುಗ್ಗಿ. ಹಬ್ಬದ ಮರುದಿನ ಎಲ್ಲ ಸದಸ್ಯರೂ ಊರಲ್ಲೇ ಇದ್ದರು, ಶಾಲೆಯ ನೀರಿನ ಪಂಪು ಕೆಟ್ಟದ್ದು ನೋಡಲು ಒಟ್ಟಿಗೇ ಬಂದಿದ್ದರು. ನಾನು ಠರಾವು ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟೆ.

"ಅಯ್ಯ ಟೀಚರ್ರ, ಇವತ್ತ ಕರಿ ಅಲ್ಲೇನ್ರಿ?" ಎಂದರು ಅಧ್ಯಕ್ಷರು. "ಮಕ್ಕಳ ಕೆಲಸ, ಛಲೋ ದಿನ ನೋಡಿ ಬರಿಯೂನ್ರಿ."

"ಇವತ್ತ ಬರೀತೇನ್ರಿ," ಅಂದೆ.

ದಿನಾಂಕ ಹಾಕಿದೆ. ಠರಾವನ್ನು ಪೂರ್ತಿ ಬರೆದೆ. ದಿನಾಂಕವನ್ನು ಇನ್ನೊಮ್ಮೆ ನೋಡಿದೆ. ನಾನೂ ಇದೇ ಊರುಗಳಲ್ಲಿ ಹುಟ್ಟಿದವಳು, ಕರಿ ನನ್ನ ಮೈಯಲ್ಲೂ ಇದೆ. ಪುಸ್ತಕವನ್ನು ಅವರ ಕಡೆಗೆ ತಿರುಗಿಸಿ ಪೆನ್ನು ಮುಂದೆ ಹಿಡಿದೆ. ಅಧ್ಯಕ್ಷರು ಪೆನ್ನು ನೋಡಿದರು, ಬಾಗಿಲು ನೋಡಿದರು.

"ಕರಿ ದಿನ ಬರದದ್ದು ನಿಂದ್ರತೈತೇನ್ರೀ ಟೀಚರ್ರ?"

"ಗೊತ್ತಿಲ್ರಿ," ಅಂದೆ. "ಬರೀದಿದ್ರ ಏನಾಕೈತಿ ಅನ್ನೂದು ಗೊತ್ತೈತಿ."

ಅವರು ಗೊಣಗುತ್ತ ಪೆನ್ನು ತೆಗೆದುಕೊಂಡರು.